ಈಜಿಪ್ಟಿನ ಕುದುರೆಗಳು

ಧರ್ಮೋಪದೇಶಕಾಂಡದ ಹದಿನೇಳನೆಯ ಅಧ್ಯಾಯವನ್ನು ನಮ್ಮಲ್ಲಿ ಹೆಚ್ಚಿನವರು ಓದಿರಲಾರರು. ಇಂದು ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಪವಿತ್ರ ಗ್ರಂಥವನ್ನು ತೆರೆದು ಅದನ್ನು ಒಮ್ಮೆ ಓದಿ ನೋಡಿ. ಇಸ್ರಯೇಲಿಗೆ ಮುಂದೆ ಬರಲಿರುವ ಅರಸನಿಗೆ ಅಲ್ಲಿ ಕೆಲವು ಕಟ್ಟುಪಾಡುಗಳನ್ನು ವಿಧಿಸಲಾಗಿದೆ. ಅವನು ಸ್ವಜನರಲ್ಲಿ ಒಬ್ಬನಾಗಿರಬೇಕು ಎಂಬ ಮಾತಿನ ಬೆನ್ನಲ್ಲೇ ಬರುವುದು ಕುದುರೆಗಳ ಮಾತು. ಅವನು ತನಗಾಗಿ ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು. ಹಾಗೆ ಹೆಚ್ಚಿಸಿಕೊಳ್ಳುವ ಆಸೆಯಿಂದ ಪ್ರಜೆಗಳನ್ನು ಮತ್ತೆ ಈಜಿಪ್ಟಿನ ದಾರಿ ಹಿಡಿಸಬಾರದು. ಬಹುಪತ್ನಿಯರು ಬೇಡ, ಬೆಳ್ಳಿಬಂಗಾರದ ರಾಶಿ ಬೇಡ ಎಂಬ ಎಚ್ಚರಿಕೆಗಳೆಲ್ಲ ಅನಂತರದವು.

ಆ ಕಾಲದ ಪಾಲೆಸ್ತೀನಿನಲ್ಲಿ ಹೊಲ ಉಳುತ್ತಿದ್ದುದು ಎತ್ತು, ಹೊರೆ ಹೊರುತ್ತಿದ್ದುದು ಕತ್ತೆ. ಕುದುರೆ ಬೇಕಾಗಿದ್ದುದು ರಥಕ್ಕೆ, ರಥ ಬೇಕಾಗಿದ್ದುದು ಯುದ್ಧಕ್ಕೆ. ಅದನ್ನು ಬಡರೈತ ಸಾಕುತ್ತಿರಲಿಲ್ಲ. ಅರಸನು ಪರದೇಶದಿಂದ ಬೆಲೆ ತೆತ್ತು ತರಿಸುತ್ತಿದ್ದನು. ಯಾವ ದೇಶದ ದಾಸ್ಯದಿಂದ ಸರ್ವೇಶ್ವರ ಆ ಜನರನ್ನು ಬಿಡಿಸಿ ತಂದಿದ್ದರೋ ಅದೇ ದೇಶದ ಅಂಗಡಿಯ ಮುಂದೆ ಕೈಯಲ್ಲಿ ಹಣ ಹಿಡಿದು ನಿಲ್ಲುವಂತೆ ಮಾಡುವ ಅರಸನನ್ನು ಈ ವಿಧಿ ತಡೆಯುತ್ತದೆ. ಸೊಲೊಮೋನನು ಅದನ್ನು ಕೇಳಲಿಲ್ಲ. ಅರಸುಗಳು ಪ್ರಥಮ ಗ್ರಂಥದ ಹತ್ತನೆಯ ಅಧ್ಯಾಯ ಅವನ ಖರೀದಿಯ ಬೆಲೆಪಟ್ಟಿಯನ್ನೇ ನಮ್ಮ ಮುಂದಿಡುತ್ತದೆ: ಈಜಿಪ್ಟಿನ ರಥವೊಂದಕ್ಕೆ 600 ಬೆಳ್ಳಿನಾಣ್ಯ, ಕುದುರೆಯೊಂದಕ್ಕೆ 150. ಎರಡು ಅಧ್ಯಾಯ ದಾಟಿದರೆ ಅವನ ಮಗನ ಮುಂದೆ ಪ್ರಜೆಗಳು ನಿಂತು, ನಿನ್ನ ತಂದೆ ಹೇರಿದ ನೊಗ ಭಾರವಾಗಿದೆ, ಇಳಿಸು ಎಂದು ಬೇಡುತ್ತಾರೆ. ಅವನು ಇಳಿಸಲಿಲ್ಲ, ರಾಜ್ಯ ಇಬ್ಭಾಗವಾಯಿತು. ಅಷ್ಟೊಂದು ಹಣ ಕೊಟ್ಟು ತಂದ ರಥಗಳು ಆ ಒಡಕನ್ನು ತಡೆಯಲಿಲ್ಲ.

ಇದನ್ನು ಬರೆಯಲು ಒಂದು ಕಾರಣವಿದೆ. ಭಾನುವಾರದ ಬಲಿಪೂಜೆಯ ಅನಂತರ ದೇವಾಲಯದ ಅಂಗಳದಲ್ಲಿ ನಡೆಯುವ ಮಾತುಕತೆಯಲ್ಲಿ ಆಗಾಗ ಪತ್ರಿಕೆಯ ಸುದ್ದಿಗಳು ಸುಳಿಯುತ್ತವೆ. ಇಂಥ ದೇಶ ಇಂಥ ದೇಶದಿಂದ ಇಷ್ಟು ಯುದ್ಧನೌಕೆಗಳನ್ನು ಕೊಂಡಿತು ಎಂಬ ಸುದ್ದಿ ಬಂದಾಗ ನಮ್ಮವರ ಮುಖವೂ ಅರಳುತ್ತದೆ. ಹಡಗಿನ ಉದ್ದ, ತೂಕ, ಅದರ ಮೇಲಿನ ವಿಮಾನಗಳ ಸಂಖ್ಯೆ ಬಾಯಿಪಾಠವಾಗಿರುತ್ತದೆ. ಬೆಲೆ ಮಾತ್ರ ಯಾರಿಗೂ ನೆನಪಿರುವುದಿಲ್ಲ. ನಾನು ಬೆಲೆ ಕೇಳಿದಾಗ ಹಿರಿಯರೊಬ್ಬರು ನಗುತ್ತಾ, "ಫಾದರ್, ಇದು ನಿಮ್ಮ ವಿಷಯವಲ್ಲ ಬಿಡಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದು ನನ್ನ ವಿಷಯವೇ ಸರಿ, ಅವರದೂ ಹೌದು, ನಿಮ್ಮದೂ ಹೌದು. ಕೋಟಿಗಟ್ಟಲೆ ಬಡವರ ತೆರಿಗೆಯ ಹಣ ಎಲ್ಲಿ ಸುರಿಯಲ್ಪಡುತ್ತದೆ ಎಂಬ ಪ್ರಶ್ನೆ ನೀತಿಯ ಪ್ರಶ್ನೆಯಲ್ಲವಾದರೆ ಮತ್ತಾವುದು ನೀತಿಯ ಪ್ರಶ್ನೆ?

ನಮ್ಮ ದೇಶದಿಂದಲೇ ಮಾತು ಆರಂಭಿಸಿದರೆ ಮನಸ್ಸು ಬಿಸಿಯಾಗಿ ಕಿವಿ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ದೂರದ, ಆದರೆ ನಮ್ಮದೇ ವಿಶ್ವಾಸವನ್ನು ಒಪ್ಪಿಕೊಂಡಿರುವ ನಾಡುಗಳಿಗೆ ಹೋಗೋಣ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ ಮತ್ತು ಚಿಲಿ ನೆರೆಹೊರೆಯ ದೇಶಗಳು. ಭಾಷೆ ಒಂದೇ, ಧರ್ಮಸಭೆಯೂ ಒಂದೇ. ನಡುವೆ ಗೋಡೆಯಂತೆ ಆಂಡೀಸ್ ಪರ್ವತಶ್ರೇಣಿ. 1881ರಲ್ಲಿ ಅವು ಗಡಿ ಒಪ್ಪಂದವೊಂದನ್ನು ಮಾಡಿಕೊಂಡವು. ಆದರೆ ಗಡಿ ಸಾಗಬೇಕಾದುದು ಎತ್ತರದ ಶಿಖರಗಳ ಸಾಲಿನಲ್ಲೋ, ನದಿಗಳು ಆಚೆಗೂ ಈಚೆಗೂ ಹರಿದು ಬೇರ್ಪಡುವ ಸಾಲಿನಲ್ಲೋ ಎಂಬ ಬಗ್ಗೆ ಜಗಳ ಹುಟ್ಟಿತು. ಬೆಟ್ಟದ ಮೇಲಿನ ಜಗಳಕ್ಕೆ ಎರಡೂ ದೇಶಗಳು ಹುಡುಕಿಕೊಂಡ ಉತ್ತರ ಸಮುದ್ರದ ಹಡಗುಗಳು. ಎರಡರಲ್ಲಿಯೂ ಅಂಥ ಹಡಗು ಕಟ್ಟುವ ಕಾರ್ಖಾನೆ ಇರಲಿಲ್ಲ. ಅರ್ಜೆಂಟೀನಾ ಇಟಲಿಗೆ ಹೋಯಿತು, ಚಿಲಿ ಬ್ರಿಟನ್ನಿಗೆ ಹೋಯಿತು. ಒಬ್ಬರು ಒಂದು ಕೊಂಡರೆ ಇನ್ನೊಬ್ಬರು ಅದಕ್ಕಿಂತ ದೊಡ್ಡದನ್ನು ಕೊಂಡರು. ಅರ್ಜೆಂಟೀನಾ ಇಟಲಿಯಿಂದ ನಾಲ್ಕು ಉಕ್ಕಿನ ಕವಚದ ಕ್ರೂಸರ್‌ಗಳನ್ನು ತರಿಸಿಕೊಂಡು ಇನ್ನೂ ಎರಡಕ್ಕೆ ಬೇಡಿಕೆ ಇಟ್ಟಿತು. ಚಿಲಿ ಬ್ರಿಟನ್ನಿನಲ್ಲಿ ಎರಡು ಮಹಾನೌಕೆಗಳಿಗೆ ಹಣ ಕಟ್ಟಿತು. ಎರಡೂ ಬೊಕ್ಕಸಗಳು ಬರಿದಾಗುತ್ತ ಬಂದವು.

1902ರ ಮೇ 28ರಂದು ಸಾಂತಿಯಾಗೊ ನಗರದಲ್ಲಿ ಎರಡು ದೇಶಗಳೂ ಒಪ್ಪಂದಗಳಿಗೆ ಸಹಿ ಹಾಕಿದವು. ವ್ಯಾಜ್ಯಗಳನ್ನು ಮಧ್ಯಸ್ಥರಿಗೆ ಒಪ್ಪಿಸುವುದು, ಕಟ್ಟಲಾಗುತ್ತಿರುವ ಹಡಗುಗಳನ್ನು ಬಿಟ್ಟುಕೊಡುವುದು, ಮುಂದಿನ 5 ವರ್ಷ ನೌಕಾಬಲವನ್ನು ಹೆಚ್ಚಿಸಬೇಕಾದರೆ 18 ತಿಂಗಳು ಮೊದಲೇ ಇನ್ನೊಬ್ಬರಿಗೆ ತಿಳಿಸುವುದು ಎಂದು ತೀರ್ಮಾನವಾಯಿತು. ನೌಕಾಬಲವನ್ನು ಮಾತುಕತೆಯ ಮೂಲಕ ಮಿತಗೊಳಿಸಿಕೊಂಡ ಆಧುನಿಕ ಕಾಲದ ಮೊದಮೊದಲ ಒಪ್ಪಂದಗಳಲ್ಲಿ ಇದೂ ಒಂದು. ಸಾಲ ಕೊಟ್ಟಿದ್ದ ಬ್ರಿಟಿಷ್ ಹಣವಂತರಿಗೆ ತಮ್ಮ ಹಣದ ಚಿಂತೆಯಿದ್ದುದೂ ಇದಕ್ಕೆ ಒಂದು ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ. ದೇವರು ಯಾರ ಚಿಂತೆಯನ್ನು ಯಾವುದಕ್ಕೆ ಬಳಸಿಕೊಳ್ಳುತ್ತಾರೋ ಬಲ್ಲವರಾರು?

ಅದೇ ವರುಷಗಳಲ್ಲಿ ಅರ್ಜೆಂಟೀನಾದ ಕೂಯೊ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದ ಮಾರ್ಕೊಲಿನೊ ಬೆನವೆಂತೆಯವರು ಲೋಕೋದ್ಧಾರಕ ಯೇಸುಕ್ರಿಸ್ತರ ಕಂಚಿನ ಪ್ರತಿಮೆಯೊಂದನ್ನು ಮಾಡಿಸಿದ್ದರು. ಹಳೆಯ ಫಿರಂಗಿಗಳ ಕಂಚನ್ನು ಕರಗಿಸಿ ಎರಕ ಹೊಯ್ದ, 7 ಮೀಟರ್ ಎತ್ತರದ ಪ್ರತಿಮೆ ಅದು. ಅದನ್ನು ಎರಡು ದೇಶಗಳ ಗಡಿಯಲ್ಲೇ ನಿಲ್ಲಿಸಬೇಕೆಂದು ಪಟ್ಟುಹಿಡಿದವರು ಆಂಜೆಲಾ ಒಲಿವೇರಾ ಸೀಸರ್ ಎಂಬ ಗೃಹಿಣಿ. ಅದನ್ನು ಬಿಡಿಭಾಗಗಳಾಗಿ ಬೆಟ್ಟದ ಮೇಲಕ್ಕೆ ಸಾಗಿಸಿ, ಸಮುದ್ರಮಟ್ಟದಿಂದ 3,800 ಮೀಟರಿಗೂ ಎತ್ತರದ ಕಣಿವೆದಾರಿಯ ನೆತ್ತಿಯಲ್ಲಿ ನಿಲ್ಲಿಸಿ, 1904ರ ಮಾರ್ಚ್ 13ರಂದು ಉಭಯ ದೇಶಗಳವರೂ ಸೇರಿ ಅನಾವರಣ ಮಾಡಿದರು. ಆಂಡೀಸಿನ ಕ್ರಿಸ್ತಪ್ರತಿಮೆಯ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಪ್ರಬೋಧನೆಗಳಲ್ಲಿ ನಾವು ಗುರುಗಳು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಆಮೆನ್ ಹೇಳಿಬಿಡುತ್ತೇವೆ. ನಾನೂ ಹಾಗೆ ಮಾಡಿದ್ದೇನೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕರಗಿದ್ದು ಹಳೆಯ ಫಿರಂಗಿಗಳು. ಹೊಸ ಹಡಗುಗಳು ಕರಗಲಿಲ್ಲ, ಮಾರಾಟವಾದವು. ಅರ್ಜೆಂಟೀನಾ ಬಿಟ್ಟುಕೊಟ್ಟ ಎರಡನ್ನು 1903ರ ಕೊನೆಯಲ್ಲಿ ಜಪಾನ್ ಕೊಂಡಿತು. ಮರುವರ್ಷವೇ ಅವು ರಷ್ಯಾದ ವಿರುದ್ಧ ಯುದ್ಧಕ್ಕಿಳಿದವು. ಚಿಲಿಯ ಎರಡನ್ನು ಬ್ರಿಟನ್ನೇ ಕೊಂಡಿತು. ಕಟ್ಟಿದ ಕಾರ್ಖಾನೆಗೆ ಒಂದು ಕಾಸಿನ ನಷ್ಟವಿಲ್ಲ. ಇಬ್ಬರು ನೆರೆಹೊರೆಯವರು ಕೈಕುಲುಕಿದರೆ ಮೂರನೆಯವನ ಮನೆಯಲ್ಲಿ ಆ ಮದ್ದು ಸಿಡಿಯಿತು, ಅಷ್ಟೆ.

ಇನ್ನೊಂದು ಸಂಗತಿ. ಒಪ್ಪಂದದ ಅವಧಿ 5 ವರ್ಷವಿತ್ತು. ಅವಧಿ ತೀರುವ ಹೊತ್ತಿಗೆ, ಅಂದರೆ 1907ರಲ್ಲಿ, ಪಕ್ಕದ ಬ್ರೆಜಿಲ್ ದೇಶವು ಕಾಫಿ ಮತ್ತು ರಬ್ಬರಿನಿಂದ ಬಂದ ಹಣದ ಮದದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಡ್ರೆಡ್‌ನಾಟ್ ಮಾದರಿಯ ಮಹಾನೌಕೆಗಳನ್ನು ಕಟ್ಟಿಸಲು ಆರಂಭಿಸಿತು. ಆ ಕಾಲಕ್ಕೆ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ದೇಶಗಳಲ್ಲಿ ಮಾತ್ರ ಅಂಥವಿದ್ದವು. ಬ್ರೆಜಿಲ್ಲಿನ ಬಹುಪಾಲು ಪ್ರಜೆಗಳಿಗೆ ಆಗ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ. ಸುದ್ದಿ ಕೇಳಿದ ಅರ್ಜೆಂಟೀನಾ ಅಮೆರಿಕದ ಕಾರ್ಖಾನೆಗಳಿಗೆ ಎರಡಕ್ಕೆ ಬೇಡಿಕೆ ಕೊಟ್ಟಿತು. ಅರ್ಜೆಂಟೀನಾ ಕೊಂಡಿತೆಂದು ಚಿಲಿಯೂ ಬ್ರಿಟನ್ನಿನಲ್ಲಿ ಎರಡನ್ನು ಕಟ್ಟಿಸತೊಡಗಿತು. ಆಂಡೀಸಿನ ನೆತ್ತಿಯಲ್ಲಿ ಪ್ರಭು ಯೇಸು ಕೈಯೆತ್ತಿ ಆಶೀರ್ವದಿಸುತ್ತ ನಿಂತೇ ಇದ್ದರು. ಕೆಳಗೆ ಎರಡೂ ಕಡೆಯ ಕಥೋಲಿಕ ಮಂತ್ರಿಗಳು ಮತ್ತೆ ಬೆಲೆಪಟ್ಟಿ ಬಿಡಿಸಿಕೊಂಡು ಕುಳಿತಿದ್ದರು. ಪ್ರತಿಮೆ ಸ್ಥಾಪಿಸಿ, ಹೂಮಾಲೆ ಹಾಕಿ, ಬದುಕನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳುವ ಭಕ್ತಿ ನಮಗೆ ಅಪರಿಚಿತವೇನಲ್ಲ.

ಹಡಗು ಮಾರುವವನಿಗೆ ಸ್ನೇಹಿತನೂ ಇಲ್ಲ, ಶತ್ರುವೂ ಇಲ್ಲ ಎಂಬುದಕ್ಕೆ ಒಂದು ನಿದರ್ಶನ ಸಾಕು. ಬ್ರೆಜಿಲ್ಲಿನ ಹಡಗನ್ನು ಕಟ್ಟಿದ ಆರ್ಮ್‌ಸ್ಟ್ರಾಂಗ್ ಕಂಪನಿಯೇ ಚಿಲಿಯದನ್ನೂ ಕಟ್ಟಿತು. ಅದೇ ಕಾರ್ಖಾನೆಯಲ್ಲಿ ಬ್ರೆಜಿಲ್ಲಿಗಾಗಿ ಸಿದ್ಧವಾಗುತ್ತಿದ್ದ ಮೂರನೆಯ ಮಹಾನೌಕೆ ಹಣದ ಮುಗ್ಗಟ್ಟಿನಿಂದ 1913ರಲ್ಲಿ ತುರ್ಕಿಯ ಪಾಲಾಯಿತು. ಅಲ್ಲಿಯ ಬಡಜನರು ವಂತಿಗೆ ಕೊಟ್ಟು ನೌಕಾಪಡೆಗೆ ಹಣ ಕೂಡಿಸಿದ್ದರು. 1914ರ ಆಗಸ್ಟಿನಲ್ಲಿ, ಹಡಗನ್ನು ಒಯ್ಯಲು ತುರ್ಕಿಯ ನಾವಿಕರು ಬಂದು ಕಾದಿದ್ದಾಗ, ಮಹಾಯುದ್ಧ ಬಂತೆಂದು ಬ್ರಿಟನ್ ಅದನ್ನು ತಾನೇ ಜಪ್ತಿ ಮಾಡಿಕೊಂಡಿತು. ಚಿಲಿಯ ಹಡಗಿಗೂ ಆ ವರ್ಷ ಬ್ರಿಟಿಷ್ ಬಾವುಟವೇ ಏರಿತು. ಬೇರೆಯವನ ಕಮ್ಮಾರಸಾಲೆಯಲ್ಲಿ ಕತ್ತಿ ಮಾಡಿಸುವವನು, ಕಮ್ಮಾರನಿಗೇ ಕತ್ತಿ ಬೇಕಾದ ದಿನ ಏನಾಗುತ್ತದೆಂದು ಯೋಚಿಸುವುದಿಲ್ಲ.

ಈಗ ನಾನು ಹೇಳಲೇಬೇಕೆಂದು ಕುಳಿತ ವಿಷಯಕ್ಕೆ ಬರುತ್ತೇನೆ. ಬ್ರೆಜಿಲ್ಲಿನ ಮೊದಲ ಮಹಾನೌಕೆಯ ಹೆಸರು ಮಿನಾಸ್ ಜೆರಾಯಿಸ್. 1910ರಲ್ಲಿ ಅದು ರಿಯೊ ದ ಜನೈರೊ ಬಂದರಿಗೆ ಬಂದಾಗ ನಗರಕ್ಕೆ ನಗರವೇ ಸಂಭ್ರಮಪಟ್ಟಿತು. ವಿದ್ಯುದ್ದೀಪಗಳು, 12 ಭಾರಿ ಫಿರಂಗಿಗಳು, ಅದರ ಯಂತ್ರಗಳನ್ನು ನೋಡಿಕೊಳ್ಳಲು ಬ್ರಿಟನ್ನಿನಿಂದಲೇ ಬಂದ ಎಂಜಿನಿಯರುಗಳು. ಎಲ್ಲವೂ ಹೊಸತು, ಒಂದನ್ನು ಬಿಟ್ಟು. ಅಪರಾಧ ಮಾಡಿದ ನಾವಿಕನನ್ನು ಕಟ್ಟಿಹಾಕಿ ಚಾವಟಿಯಿಂದ ಹೊಡೆಯುವ ಪದ್ಧತಿ ಮಾತ್ರ ಹಳೆಯದೇ ಉಳಿದಿತ್ತು. ಬ್ರೆಜಿಲ್ಲಿನಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1888ರಲ್ಲಿ. ನಾವಿಕರಲ್ಲಿ ಬಹುಮಂದಿ ಆ ಗುಲಾಮರ ಮಕ್ಕಳು, ಕಪ್ಪುಜನರು, ಅಧಿಕಾರಿಗಳು ಬಿಳಿಯರು. ಹಡಗು ಕೊಳ್ಳಲು ಹಣವಿತ್ತು, ಅದರಲ್ಲಿ ದುಡಿಯುವ ಮನುಷ್ಯನನ್ನು ಮನುಷ್ಯನಾಗಿ ಕಾಣಲು ಮನಸ್ಸಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ನಾವಿಕನೊಬ್ಬನಿಗೆ ಸಹನಾವಿಕರೆಲ್ಲರ ಕಣ್ಣೆದುರಿಗೇ 250 ಏಟುಗಳನ್ನು ಹೊಡೆಯಲಾಯಿತು. ನವೆಂಬರ್ 22ರ ರಾತ್ರಿ ನಾವಿಕರು ದಂಗೆಯೆದ್ದರು. ಕೆಲವು ಅಧಿಕಾರಿಗಳು ಹತರಾದರು. ಹಿಂದೆ ಗುಲಾಮರಾಗಿದ್ದವರ ಮಗನಾದ ಜೊವಾವ್ ಕ್ಯಾಂಡಿಡೊ ಎಂಬಾತ ಮುಂದಾಳತ್ವ ವಹಿಸಿದನು. ಇಂಗ್ಲೆಂಡಿನಲ್ಲಿ ತಯಾರಾದ ಆ ಮಹಾಫಿರಂಗಿಗಳು ಮೊತ್ತಮೊದಲಿಗೆ ಯಾರ ಕಡೆಗೆ ತಿರುಗಿದವು ಗೊತ್ತೇ? ಅರ್ಜೆಂಟೀನಾದ ಕಡೆಗಲ್ಲ, ತಮ್ಮದೇ ರಾಜಧಾನಿಯ ಕಡೆಗೆ. ನಾವಿಕರು ಕೇಳಿದ್ದು ಸಿಂಹಾಸನವನ್ನಲ್ಲ. ಚಾವಟಿಯನ್ನು ನಿಲ್ಲಿಸಿ ಎಂದರು. ಸಂಸತ್ತು ನಾಲ್ಕೇ ದಿನಗಳಲ್ಲಿ ಕ್ಷಮಾದಾನವನ್ನು ಘೋಷಿಸಿತು. ಅವರು ಹಡಗನ್ನು ಒಪ್ಪಿಸಿದರು. ಅನಂತರ ಮಾತು ಮುರಿಯಲಾಯಿತು. ಬಹಳ ಮಂದಿಯನ್ನು ನೌಕಾಪಡೆಯಿಂದ ಹೊರಹಾಕಿದರು. ಜೊವಾವ್ ಕ್ಯಾಂಡಿಡೊ ಸೇರಿದಂತೆ 18 ಮಂದಿಯನ್ನು ದ್ವೀಪವೊಂದರ ನೆಲಮಾಳಿಗೆಯ ಕೋಣೆಗೆ ತಳ್ಳಿದರು. ಅವರಲ್ಲಿ 16 ಮಂದಿ ಅಲ್ಲಿಯೇ ಸತ್ತರು. ಬದುಕುಳಿದ ಆತ ಮುಂದೆ ರಿಯೊದ ಮೀನುಮಾರುಕಟ್ಟೆಯಲ್ಲಿ ದುಡಿದು ಹೊಟ್ಟೆ ಹೊರೆದು, 1969ರಲ್ಲಿ ಬಡವನಾಗಿಯೇ ತೀರಿಕೊಂಡನು. ಬ್ರೆಜಿಲ್ ಸರ್ಕಾರ ಅವನಿಗೆ ಮತ್ತೊಮ್ಮೆ, ಮರಣೋತ್ತರವಾಗಿ, ಕ್ಷಮಾದಾನ ಕೊಟ್ಟದ್ದು 2008ರಲ್ಲಿ!

ಇದು ಬ್ರೆಜಿಲ್ಲಿನ ಮಾತಾಯಿತು. ಚಿಲಿಯ ಮಹಾನೌಕೆ ಅಲ್ಮಿರಾಂತೆ ಲಾತೊರೆ ಯುದ್ಧ ಮುಗಿದ ಮೇಲೆ ಸ್ವದೇಶಕ್ಕೆ ಬಂತು. 1931ರಲ್ಲಿ, ಸರ್ಕಾರ ನಾವಿಕರ ಸಂಬಳ ಕಡಿತ ಮಾಡಿದಾಗ ಅದರಲ್ಲಿಯೂ ದಂಗೆಯಾಯಿತು. ಚಿಲಿಯ ವಿಮಾನಗಳೇ ಚಿಲಿಯ ಹಡಗುಗಳ ಮೇಲೆ ಬಾಂಬು ಹಾಕಿದವು. ಬ್ರೆಜಿಲ್ಲಿನ ಇನ್ನೊಂದು ಮಹಾನೌಕೆ ಸಾವೊ ಪೌಲೊ 1922ರಲ್ಲಿ ತನ್ನದೇ ದೇಶದ ಕೋಪಕಬಾನಾ ಕೋಟೆಯ ಮೇಲೆ ಗುಂಡು ಹಾರಿಸಿತು. ಯಾವ ನೆರೆಯವರಿಗೆ ಹೆದರಿ, ಯಾವ ನೆರೆಯವರನ್ನು ಹೆದರಿಸಲು ಆ ಹಡಗುಗಳನ್ನು ಕೊಂಡರೋ ಆ ನೆರೆಯವರ ವಿರುದ್ಧ ಒಂದು ದಿನವೂ ಅವು ಯುದ್ಧ ಮಾಡಲಿಲ್ಲ. 1950ರ ದಶಕದಲ್ಲಿ ಎಲ್ಲವೂ ಒಂದೊಂದಾಗಿ ಗುಜರಿಗೆ ಹೋದವು. ಸಾವೊ ಪೌಲೊ ಗುಜರಿಯ ಕಟ್ಟೆಯನ್ನೂ ತಲುಪಲಿಲ್ಲ. 1951ರ ನವೆಂಬರಿನಲ್ಲಿ ಎಳೆದೊಯ್ಯುತ್ತಿದ್ದಾಗ ಬಿರುಗಾಳಿಗೆ ಹಗ್ಗ ತುಂಡಾಗಿ, ಅದರ ಮೇಲಿದ್ದ 8 ಮಂದಿ ಕಾವಲುಗಾರರೊಂದಿಗೆ ಅಟ್ಲಾಂಟಿಕ್ ಸಾಗರದಲ್ಲಿ ಕಣ್ಮರೆಯಾಯಿತು.

"ಹಡಗು ಇದ್ದುದರಿಂದಲೇ ಯುದ್ಧವಾಗಲಿಲ್ಲ" ಎಂದು ನೀವು ಹೇಳಬಹುದು. ಈ ವಾದವನ್ನು ನಾನು ಬಹಳ ಸಲ ಕೇಳಿದ್ದೇನೆ. ಆದರೆ 1902ರಲ್ಲಿ ಯುದ್ಧ ತಪ್ಪಿದ್ದು ಹಡಗುಗಳನ್ನು ಕೊಂಡಿದ್ದರಿಂದಲ್ಲ, ಬಿಟ್ಟುಕೊಟ್ಟಿದ್ದರಿಂದ. ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಅರಸನನ್ನು ನೆನೆಯಿರಿ. ಹತ್ತು ಸಾವಿರ ಸೈನಿಕರಿರುವ ಅವನು ಇಪ್ಪತ್ತು ಸಾವಿರದೊಂದಿಗೆ ಬರುವವನನ್ನು ಎದುರಿಸುವ ಮೊದಲು ಕುಳಿತು ಆಲೋಚಿಸುತ್ತಾನೆ. ಆಗದೆಂದು ಕಂಡರೆ, ಎದುರಾಳಿ ಇನ್ನೂ ದೂರವಿರುವಾಗಲೇ ರಾಯಭಾರಿಗಳನ್ನು ಕಳುಹಿಸುತ್ತಾನೆ. ಇನ್ನೂ ಹತ್ತು ಸಾವಿರ ಮಂದಿಯನ್ನು ಸಾಲ ತಂದು ಕೂಡಿಸಿಕೊಂಡನೆಂದು ಅಲ್ಲಿ ಬರೆದಿಲ್ಲ. ಅನುಯಾಯಿಯಾಗುವವನು ತೆರಬೇಕಾದ ಬೆಲೆಯನ್ನು ತಿಳಿಸಲು ಪ್ರಭು ಕೊಟ್ಟ ಸಾಮತಿ ಅದು ಎಂಬುದನ್ನು ಬಲ್ಲೆ. ಆದರೆ ಆ ಅರಸನ ವಿವೇಕವನ್ನು ಅವರು ಸಹಜವೆಂದೇ ಎಣಿಸಿದ್ದಾರೆ. ನಮಗೆ ಅದೀಗ ಹೇಡಿತನವಾಗಿ ಕಾಣುತ್ತಿದೆ.

ಪರದೇಶದ ಹಡಗಿನ ಬೆಲೆ ಹಡಗಿನೊಂದಿಗೆ ಮುಗಿಯುವುದಿಲ್ಲ. ಬಿಡಿಭಾಗ, ಗುಂಡು, ದುರಸ್ತಿ, ತರಬೇತಿ, ಎಲ್ಲಕ್ಕೂ ಮಾರಿದವನ ಬಾಗಿಲಿಗೇ ಹೋಗಬೇಕು. ಅರ್ಜೆಂಟೀನಾ ಇದನ್ನು ಮತ್ತೊಮ್ಮೆ ಕಲಿಯಿತು. 1970ರ ದಶಕದಲ್ಲಿ ಅದು ಬ್ರಿಟಿಷ್ ಮಾದರಿಯ ಎರಡು ವಿಧ್ವಂಸಕ ನೌಕೆಗಳನ್ನು ಮಾಡಿಸಿಕೊಂಡಿತು. ಒಂದು ಬ್ರಿಟನ್ನಿನಲ್ಲೇ ತಯಾರಾಯಿತು. ಇನ್ನೊಂದನ್ನು ಬ್ರಿಟಿಷ್ ನಕ್ಷೆಯಂತೆ ಸ್ವದೇಶದಲ್ಲಿ ಕಟ್ಟಲಾಯಿತು. ಈ ಎರಡನೆಯದಕ್ಕೆ ಇಟ್ಟ ಹೆಸರು ಸಾಂತಿಸಿಮಾ ತ್ರಿನಿದಾದ್, ಅಂದರೆ ಪರಮ ಪವಿತ್ರ ತ್ರಿತ್ವ! ಪಿತ, ಸುತ, ಪವಿತ್ರಾತ್ಮರ ನಾಮವನ್ನು ಕೊಲ್ಲುವ ಯಂತ್ರದ ಮೈಮೇಲೆ ಬರೆಯಲು ಕಥೋಲಿಕ ದೇಶವೊಂದರ ಕೈ ನಡುಗಲಿಲ್ಲ. 1982ರ ಏಪ್ರಿಲಿನಲ್ಲಿ ಫಾಕ್ಲೆಂಡ್ ದ್ವೀಪಗಳನ್ನು ಹಿಡಿಯಲು ಹೋದ ದಂಡಿನ ಮುಂದೆ ಈ ಹಡಗಿತ್ತು. ಎದುರಾಳಿ ಯಾರು? ಅದರ ನಕ್ಷೆಯನ್ನೂ ಬಿಡಿಭಾಗಗಳನ್ನೂ ಮಾರಿದ ಬ್ರಿಟನ್! ಆ ಯುದ್ಧದಲ್ಲಿ ಅಮೆರಿಕದಿಂದ ಹಿಂದೆ ಕೊಂಡಿದ್ದ ಜನರಲ್ ಬೆಲ್‌ಗ್ರಾನೊ ಎಂಬ ಹಳೆಯ ಕ್ರೂಸರ್ ಮೇ 2ರಂದು ಮುಳುಗಿ 323 ಮಂದಿ ಸತ್ತರು. ಯುದ್ಧದ ಬಳಿಕ ಬ್ರಿಟನ್ನಿನಿಂದ ಬಿಡಿಭಾಗಗಳು ಬರುವುದು ನಿಂತಿತು. ತ್ರಿತ್ವದ ಹೆಸರಿನ ಹಡಗಿನ ಅಂಗಾಂಗಗಳನ್ನು ಕಿತ್ತು ಅದರ ಜೊತೆಯ ಹಡಗಿಗೆ ಜೋಡಿಸಿದರು. ವರ್ಷಗಟ್ಟಲೆ ಬಂದರಿನಲ್ಲಿ ತುಕ್ಕು ಹಿಡಿದು ನಿಂತಿದ್ದ ಅದು 2013ರ ಜನವರಿಯಲ್ಲಿ, ಯಾವ ಶತ್ರುವೂ ಇಲ್ಲದೆ, ಕಟ್ಟಿಹಾಕಿದ್ದ ಜಾಗದಲ್ಲೇ ನೀರು ತುಂಬಿ ಮಗುಚಿಬಿತ್ತು.

ಇನ್ನು ನಮ್ಮ ಮನೆಯ ಅಂಗಳಕ್ಕೆ ಬರೋಣ. ನಮ್ಮ ದೇಶವೂ ವಿಮಾನವಾಹಕ ಹಡಗುಗಳನ್ನು ಹೊರಗಿನಿಂದ ಕೊಂಡಿದೆ. 1957ರಲ್ಲಿ ಬ್ರಿಟನ್ನಿನಿಂದ ಕೊಂಡದ್ದು ಮೊದಲ ವಿಕ್ರಾಂತ್, 1986ರಲ್ಲಿ ಕೊಂಡದ್ದು ವಿರಾಟ್. ಮೂರನೆಯದಾದ ವಿಕ್ರಮಾದಿತ್ಯದ ನೆಲೆ ನಮ್ಮ ಕಾರವಾರ. ರಷ್ಯಾ ಬಳಸಿ ಬಿಟ್ಟಿದ್ದ ಆ ಹಡಗನ್ನು ನವೀಕರಿಸಿ ಕೊಡಲು 2004ರಲ್ಲಿ ಒಪ್ಪಿದ ಬೆಲೆ 97.4 ಕೋಟಿ ಡಾಲರ್. ಕೊನೆಗೆ ಅದು ಸುಮಾರು 235 ಕೋಟಿ ಡಾಲರಿಗೆ ಏರಿತು. 2009ರಲ್ಲಿ ಭಾರತದ ಮಹಾಲೇಖಪಾಲರ ವರದಿಯೂ ಈ ಖರೀದಿಯನ್ನು ಆಕ್ಷೇಪಿಸಿತು. ಹಡಗು ನಮ್ಮ ಕೈಗೆ ಬಂದದ್ದು 2013ರ ನವೆಂಬರಿನಲ್ಲಿ, ಅವಧಿ ಮೀರಿ ವರ್ಷಗಳೇ ಕಳೆದ ಮೇಲೆ. ಬೆಲೆ ಏರಿದಾಗ ಏಕೆ ಬಿಟ್ಟುಬರಲಿಲ್ಲ? ಅಷ್ಟರಲ್ಲಾಗಲೇ ಬಹಳಷ್ಟು ಹಣ ಕಟ್ಟಿಯಾಗಿತ್ತು. ಲೂಕರ ಅದೇ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನೂ ಇದ್ದಾನೆ. ಅಸ್ತಿವಾರ ಹಾಕಿದ ಮೇಲೆ ಲೆಕ್ಕ ಹಾಕುವವನ ಪಾಡು ಯಾವಾಗಲೂ ಇದೇ: ಬಿಟ್ಟರೆ ನಗೆಪಾಟಲು, ಮುಂದುವರಿದರೆ ಸಾಲ.

ಆ ಹಡಗು ನಿಲ್ಲುವ ನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ಸೀಬರ್ಡ್ ಯೋಜನೆಯೆಂದರೆ ಉತ್ತರ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಕಾರವಾರ ಮತ್ತು ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆಯನ್ನು ಬಿಟ್ಟು ಎದ್ದವು. ಮೀನುಗಾರರು, ರೈತರು, ಕೂಲಿಯವರು. ಭೂಮಿಯ ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ಎಳೆದಾಡಿದವು. ಎಷ್ಟೋ ಮಂದಿ ಹಿರಿಯರು ಪರಿಹಾರ ಕಾಣದೆಯೇ ಕಣ್ಣು ಮುಚ್ಚಿದರು. ರಷ್ಯಾದ ಕಾರ್ಖಾನೆ ಹೆಚ್ಚು ಹಣ ಕೇಳಿದಾಗ ಮಾತುಕತೆ ನಡೆಸಿ ಕೊಡಲಾಯಿತು. ಅಂಕೋಲಾದ ರೈತ ಹೆಚ್ಚು ಕೇಳಿದಾಗ ಮೇಲ್ಮನವಿ ಹೂಡಲಾಯಿತು. ಇದೇ ನನ್ನ ತಕರಾರು.

ತಪ್ಪು ತಿಳಿಯಬೇಡಿ. ನಮ್ಮ ಧರ್ಮಕೇಂದ್ರಗಳ ಮಕ್ಕಳು ನೌಕಾಪಡೆಯಲ್ಲಿದ್ದಾರೆ. ಅವರಿಗಾಗಿ ನಾನು ಪ್ರಾರ್ಥಿಸುತ್ತೇನೆ. ದೇಶಕ್ಕೆ ತನ್ನ ಕರಾವಳಿಯನ್ನು ಕಾಯುವ ಹಕ್ಕಿದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಒಪ್ಪುತ್ತದೆ. ಸೈನಿಕನನ್ನು ಅದು ಜನರ ಭದ್ರತೆಯ ಸೇವಕನೆಂದು ಕಾಣುತ್ತದೆ. ಆದರೆ ಅದೇ ಮಹಾಸಭೆ, ಅದೇ ದಾಖಲೆಯಲ್ಲಿ, ಶಸ್ತ್ರಾಸ್ತ್ರಗಳ ಪೈಪೋಟಿಯು ಮಾನವಕುಲಕ್ಕೆ ಒಡ್ಡಿದ ಬಲೆ, ಅದು ಬಡವರನ್ನು ಸಹಿಸಲಾಗದಷ್ಟು ಗಾಸಿಗೊಳಿಸುತ್ತದೆ ಎಂದೂ ಹೇಳಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಸ್ವಾತಂತ್ರ್ಯ ನಮಗಿಲ್ಲ. ಜಗದ್ಗುರು ಆರನೆಯ ಪೌಲರು 1964ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಮುಂಬಯಿಗೆ ಬಂದಿದ್ದರು. ರಾಷ್ಟ್ರಗಳು ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದ ಒಂದು ಭಾಗವನ್ನಾದರೂ ತೆಗೆದು ಬಡದೇಶಗಳಿಗಾಗಿ ಒಂದು ವಿಶ್ವನಿಧಿ ಮಾಡಿರೆಂದು ಅವರು ಕೇಳಿಕೊಂಡದ್ದು ಅಲ್ಲಿಂದಲೇ, ನಮ್ಮ ನೆಲದಿಂದಲೇ. 1967ರ ವಿಶ್ವಪತ್ರದಲ್ಲಿ ಅದನ್ನು ಮತ್ತೆ ನೆನಪಿಸಿದರು. ಆ ಸಮ್ಮೇಳನಕ್ಕೆ ರೈಲಿನಲ್ಲಿ ಹೋಗಿಬಂದ ಹಿರಿಯರು ಅಲ್ಲಿಯ ಜನಸಾಗರವನ್ನು ವರ್ಣಿಸುವುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ನಿಧಿಯ ಮಾತನ್ನು ಮಾತ್ರ ಯಾರ ಬಾಯಲ್ಲೂ ಕೇಳಲಿಲ್ಲ.

ಈಗ ನಮ್ಮ ದೇಶ ಹಡಗುಗಳನ್ನು ತಾನೇ ಕಟ್ಟುತ್ತಿದೆ. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ 2022ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು ಎಂದು ನೀವು ನೆನಪಿಸಬಹುದು. ನಮ್ಮ ಕೆಲಸಗಾರರಿಗೆ ಕೂಲಿ ಸಿಕ್ಕಿತು, ಪರದೇಶದ ಬಾಗಿಲು ಕಾಯುವುದು ಸ್ವಲ್ಪ ತಪ್ಪಿತು, ಸಂತೋಷ. ಆದರೆ ಎಷ್ಟು ಬೇಕು, ಏತಕ್ಕೆ ಬೇಕು, ಯಾರ ತಟ್ಟೆಯಿಂದ ತೆಗೆದದ್ದು ಎಂಬ ಪ್ರಶ್ನೆ ಸ್ವದೇಶಿ ಹಡಗಿಗೂ ಉಂಟು. ಸೊಲೊಮೋನನು ಕುದುರೆಗಳನ್ನು ಜೆರುಸಲೇಮಿನಲ್ಲೇ ಸಾಕಿದ್ದರೆ ನೊಗ ಹಗುರವಾಗುತ್ತಿತ್ತೇ?

"ಹಾಗಾದರೆ ಬೇರೆ ದಾರಿ ಏನಿದೆ, ಫಾದರ್?" ಎಂದು ಕೇಳುವವರಿಗೆ ಮತ್ತೆ ಆ ಎರಡು ನೆರೆದೇಶಗಳನ್ನೇ ತೋರಿಸುತ್ತೇನೆ. ಫಾಕ್ಲೆಂಡ್ ಯುದ್ಧಕ್ಕೆ ನಾಲ್ಕು ವರ್ಷ ಮೊದಲಿನ ಮಾತು. ಖಂಡದ ದಕ್ಷಿಣ ತುದಿಯಲ್ಲಿ, ಬೀಗಲ್ ಕಾಲುವೆಯ ಬಾಯಲ್ಲಿರುವ ಪಿಕ್ಟನ್, ಲೆನಾಕ್ಸ್, ನುಯೇವಾ ಎಂಬ ಮೂರು ಪುಟ್ಟ ದ್ವೀಪಗಳು ಚಿಲಿಗೆ ಸೇರಿದವೆಂದು 1977ರಲ್ಲಿ ಮಧ್ಯಸ್ಥರ ತೀರ್ಪು ಬಂತು. ಅರ್ಜೆಂಟೀನಾದ ಸೇನಾಸರ್ಕಾರ ಅದನ್ನು ತಿರಸ್ಕರಿಸಿತು. 1978ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಗೆ ಮೂರು ದಿನ ಉಳಿದಿರುವಾಗ, ದಾಳಿಗೆ ಮುಹೂರ್ತ ನಿಗದಿಯಾಗಿತ್ತು. ಎರಡೂ ದೇಶಗಳ ನೌಕಾಪಡೆಗಳು ಸಮುದ್ರಕ್ಕಿಳಿದಿದ್ದವು. ಅವುಗಳಲ್ಲಿದ್ದ ದೊಡ್ಡ ಹಡಗುಗಳಲ್ಲಿ ಹೆಚ್ಚಿನವು ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಕಟ್ಟಿದವು. ಅಷ್ಟು ಹಡಗುಗಳಿದ್ದರೂ ಯುದ್ಧದ ಭಯ ಕಡಿಮೆಯಾಗಿರಲಿಲ್ಲ. ಅವು ಇದ್ದುದರಿಂದಲೇ ಮುಹೂರ್ತ ಇಡುವುದು ಸಾಧ್ಯವಾಗಿತ್ತು.

ಜಗದ್ಗುರು ಎರಡನೆಯ ಜಾನ್ ಪೌಲರು ಪೀಠವನ್ನೇರಿ ಆಗ ಎರಡು ತಿಂಗಳಷ್ಟೇ ಆಗಿತ್ತು. ಅವರು ತಮ್ಮ ಪ್ರತಿನಿಧಿಯನ್ನು ಕಳುಹಿಸುವುದಾಗಿ ಉಭಯ ಸರ್ಕಾರಗಳಿಗೂ ತಿಳಿಸಿದರು. ಸಮುದ್ರದಲ್ಲಿ ಬಿರುಗಾಳಿಯೆದ್ದು ದಾಳಿಗೆ ತಡೆಯಾಯಿತು. ಆ ತಡೆಯ ನಡುವೆ ದಾಳಿಯ ಆದೇಶವನ್ನೇ ಹಿಂತೆಗೆದುಕೊಳ್ಳಲಾಯಿತು. ಕಾರ್ಡಿನಲ್ ಅಂತೋನಿಯೊ ಸಮೊರೆ ಎಂಬ ಎಪ್ಪತ್ತು ದಾಟಿದ ಮುದುಕರು ಕ್ರಿಸ್ತಜಯಂತಿಯ ದಿನಗಳಲ್ಲಿ ವಿಮಾನವೇರಿ ಹೋಗಿ ಬ್ಯೂನಸ್ ಐರಿಸ್ ಮತ್ತು ಸಾಂತಿಯಾಗೊಗಳ ನಡುವೆ ಓಡಾಡತೊಡಗಿದರು. 1979ರ ಜನವರಿ 8ರಂದು ಎರಡೂ ದೇಶಗಳು ಬಲಪ್ರಯೋಗ ಮಾಡುವುದಿಲ್ಲವೆಂದು ಬರೆದುಕೊಟ್ಟವು. ಅಲ್ಲಿಂದ ಮುಂದಿನದು ಆರು ವರ್ಷಗಳ ಬೇಸರದ ಕೆಲಸ. ನಕ್ಷೆಗಳು, ಕಾಗದಪತ್ರಗಳು, ಮುರಿದುಬಿದ್ದ ಸಭೆಗಳು, ಮತ್ತೆ ಸಭೆಗಳು. ಅದರ ಚಿತ್ರ ಯಾವ ಪತ್ರಿಕೆಯ ಮುಖಪುಟದಲ್ಲೂ ಹಡಗಿನಂತೆ ಮಿಂಚುವಂಥದ್ದಲ್ಲ.

1984ರ ನವೆಂಬರಿನಲ್ಲಿ ಅರ್ಜೆಂಟೀನಾದ ಹೊಸ ಪ್ರಜಾಸರ್ಕಾರ ಒಪ್ಪಂದದ ಕರಡನ್ನು ಜನರ ಮುಂದಿಟ್ಟು ಮತ ಕೇಳಿತು. ದ್ವೀಪಗಳನ್ನು ಚಿಲಿಗೆ ಬಿಟ್ಟುಕೊಡುವ ಒಪ್ಪಂದವದು. ಮತ ಹಾಕಿದವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಎಂದರು. ಮಂತ್ರಿಗಳೂ ಸೇನಾಪತಿಗಳೂ ಮಾನದ ಪ್ರಶ್ನೆಯೆಂದು ಹೇಳುತ್ತ ಬಂದಿದ್ದನ್ನು, ಬೆಲೆ ತೆರಬೇಕಾದ ತಾಯಿತಂದೆಯರು ಹಾಗೆಂದು ತಿಳಿದಿರಲಿಲ್ಲ. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ನವೆಂಬರ್ 29ರಂದು ವ್ಯಾಟಿಕನ್ನಿನಲ್ಲಿ ಸಹಿಗಳಾದವು.

ಅದನ್ನು ನೋಡಲು ಕಾರ್ಡಿನಲ್ ಸಮೊರೆ ಇರಲಿಲ್ಲ. ಅವರು 1983ರ ಫೆಬ್ರವರಿಯಲ್ಲಿಯೇ ತೀರಿಕೊಂಡಿದ್ದರು. ಆಂಡೀಸಿನ ದಕ್ಷಿಣ ಭಾಗದಲ್ಲಿ ಎರಡು ದೇಶಗಳ ನಡುವೆ ಜನರೂ ಲಾರಿಗಳೂ ಓಡಾಡುವ ಕಣಿವೆದಾರಿಯೊಂದಕ್ಕೆ ಇಂದು ಅವರ ಹೆಸರಿದೆ.